ಎದುರುಮನೆ ಕಾಕಾನ ಗೆಜ್ಜೆವಸ್ತ್ರ

ಕಾಕಾ ಅವರ ಬಲಗೈಯ ತೋರುಬೆರಳು ನಡುಗೆಣ್ಣಿಗೇ ಮುಗಿದುಹೋಗಿತ್ತು. ಉಳಿದ ಮೋಟು ತುದಿ ಸವೆದ ಸಾಬೂನಿನ ಅಂಚಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಡೊಂಬಿವಲಿಯ ಈ ಮನೆಗೆ ನಾವು ಬಂದ ಹೊಸದರಲ್ಲಿ ಪರಿಚಯಕ್ಕೆಂದು ಎದುರುಮನೆಯ ಬಾಗಿಲು ತಟ್ಟಿದ್ದೆ. ಅವರು ಚಹದ ಕಪ್ಪನ್ನು ಹೆಬ್ಬೆರಳು, ನಡುಬೆರಳುಗಳ ನಡುವೆ ಹಿಡಿದು ನನ್ನ ಮುಂದೆ ಚಾಚಿದರು. ಆ ಗಿಡ್ಡ ಬೆರಳು ಮಾತ್ರ ಯಾವ ಕೆಲಸಕ್ಕೂ ಸೇರದೆ ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ನನ್ನ ಕಣ್ಣು ಎಲ್ಲಿದೆಯೆಂದು ಅವರಿಗೆ ಗೊತ್ತಾಯಿತು.

"ರೈಲ್ವೇದವರು ನನಗ ಪಗಾರ ಕೊಟ್ರವಾ, ನಾ ಅವರಿಗೆ ಬಟ್ಟು ಕೊಟ್ಟೆ. ಅರ್ಧಾ ಬಟ್ಟು ಇಟಗೊಂಡು ಏನ್ ಮಾಡ್ಯಾರೋ, ದೇವರಿಗೇ ಗೊತ್ತು" ಎಂದು ನಕ್ಕರು.

ಗದಗಿನ ಕಡೆಯವರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾನು ಕಾರ್ಕಳದ ಕಾನ್ವೆಂಟಿನಲ್ಲಿ ಓದಿದವಳು. ನನ್ನ ಮಾತು ಕೇಳಿದಾಗಲೆಲ್ಲ "ನಿನ್ನ ಕನ್ನಡ ಇಸ್ತ್ರಿ ಮಾಡಿದ್ದದ ನೋಡವಾ, ಎಲ್ಲೂ ಸುಕ್ಕಿಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ನಮ್ಮ ಸೊಸೈಟಿಯ ಕನ್ನಡದವರ ಮನೆಗಳಿಗೆಲ್ಲ ಗೌರಿ ಗಣೇಶನ ಹಬ್ಬಕ್ಕೆ ಗೆಜ್ಜೆವಸ್ತ್ರ ಹೋಗುತ್ತಿದ್ದುದು ಕಾಕೂನ ಕೈಯಿಂದ. ಹತ್ತಿಯನ್ನು ಉದ್ದಕ್ಕೆ ಎಳೆದು, ಅಲ್ಲಲ್ಲಿ ಹಾಲಿನಲ್ಲಿ ಅದ್ದಿದ ಬೆರಳಿನಿಂದ ಹೊಸೆದು, ಮಣಿ ಮಣಿಯಾಗಿ ಮಾಡುವ ಹಾರ ಅದು. ಆದರೆ ನಾವು ಬರುವ ಹೊತ್ತಿಗೆ ಕಾಕೂನ ಎರಡೂ ಕೈ ನಡುಗಲು ಶುರುವಾಗಿ, ನೀರಿನ ಲೋಟವೂ ತುಟಿಗೆ ತಲುಪುವಷ್ಟರಲ್ಲಿ ಅರ್ಧವಾಗುತ್ತಿತ್ತು. ಹಬ್ಬಕ್ಕೆ ಅಂಗಡಿಯಿಂದ ತಂದರೆ ಕಾಕು ಮುಖ ತಿರುಗಿಸುತ್ತಿದ್ದರು. ಹಾಗಾಗಿ, ಆ ವಯಸ್ಸಿನಲ್ಲಿ, ಆ ಬೆರಳಿಟ್ಟುಕೊಂಡು, ಕಾಕಾ ಹತ್ತಿ ಹಿಡಿದು ಕೂತಿದ್ದರು.

"ಇದು ವಸ್ತ್ರ ಅಲ್ರಿ, ಬಾವಿ ಹಗ್ಗ" ಎನ್ನುತ್ತಿದ್ದರು ಕಾಕು, ಕುರ್ಚಿಯಿಂದಲೇ.

"ಗಣಪ್ಪನ ಹೊಟ್ಟಿ ಸಣ್ಣದೇನ? ಅಂವಗ ಹಗ್ಗನ ಬೇಕು" ಎಂದು ಕಾಕಾ ಮತ್ತೊಂದು ಎಳೆ ತೆಗೆಯುತ್ತಿದ್ದರು.

ನನ್ನ ಮಗಳಿಗೆ ಆಗ ಐದು ತುಂಬಿತ್ತು. ಅವಳ ಅಪ್ಪ ಠಾಣೆಯ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಹೋದರೆ ಅವಳು ಮಲಗಿದ ಮೇಲೆಯೇ ಬರುವುದು. ಊಟಕ್ಕೆ ಫೋನು, ಜಡೆ ಹಾಕಲು ಫೋನು, ಮಳೆಗಾಲದ ಸಂಜೆಗಳಿಗೂ ಫೋನು. ಎಲ್ಲ ಮನೆಗಳಲ್ಲೂ ಹಾಗೆಯೇ ಇತ್ತು, ನಮ್ಮಲ್ಲೂ ಇತ್ತು. ತೆಳ್ಳಗಿನ ಪುಟ್ಟ ಬೆರಳುಗಳು ಗಾಜಿನ ಮೇಲೆ ಜಾರುವುದರಲ್ಲಿ ಬಲು ಚುರುಕು. ಆದರೆ ಫ್ರಾಕಿನ ಗುಂಡಿ ಹಾಕಲು ಬರುತ್ತಿರಲಿಲ್ಲ, ಬಟಾಣಿ ಸುಲಿಯಲು ಬರುತ್ತಿರಲಿಲ್ಲ, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಕಾಗದವನ್ನು ಹರಿಯುತ್ತಿದ್ದಳು. ಜುಲೈಯಲ್ಲಿ ಸೀನಿಯರ್ ಕೆಜಿಯ ಟೀಚರ್ ಕರೆಸಿದರು. ದೀಪಾವಳಿಯ ನಂತರ ಮತ್ತೊಮ್ಮೆ ನೋಡೋಣ, ಆಗಲೂ ಬರೆಯಲು ಆಗದಿದ್ದರೆ ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಇರಲಿ ಎಂದರು. ಸೌಮ್ಯವಾಗಿಯೇ ಹೇಳಿದರು. ಅವರ ಮಾತಿಗಿಂತ ನನ್ನನ್ನು ಹೆದರಿಸಿದ್ದು ಬೇರೆ. ಮೇಜಿನ ಮೇಲೆ ಪೆನ್ಸಿಲ್ ಕಂಡದ್ದೇ ತಡ, ಮಗಳು ಎರಡೂ ಕೈಗಳನ್ನು ತೊಡೆಯ ಅಡಿಗೆ ಸೇರಿಸಿ ಅದರ ಮೇಲೆ ಕೂತುಬಿಟ್ಟಳು.

"ಮುಝ್‌ಸೇ ನಹೀ ಹೋತಾ" ಎಂದಳು. ಅಷ್ಟು ಚಿಕ್ಕವಳಿಗೆ ತನ್ನಿಂದ ಆಗುವುದಿಲ್ಲ ಎಂಬುದು ಅಷ್ಟು ಖಚಿತವಾಗಿತ್ತು.

ಠಾಣೆಯಲ್ಲಿ ಮಕ್ಕಳ ಥೆರಪಿಸ್ಟ್ ಒಬ್ಬರಿಗೂ ತೋರಿಸಿದೆವು. ಬೇರೇನೂ ತೊಂದರೆಯಿಲ್ಲ, ಕೈಗೆ ಕೆಲಸ ಸಾಲದು, ಚಿವುಟುವ, ಹೊಸೆಯುವ, ಪೋಣಿಸುವ ಆಟಗಳನ್ನು ಆಡಿಸಿ ಎಂದರು. ನಾನು ಮಣಿ ತಂದೆ, ಬಣ್ಣದ ಹಿಟ್ಟು ತಂದೆ, ಬಟ್ಟೆ ಕ್ಲಿಪ್ಪುಗಳ ಸಾಲು ಮಾಡಿದೆ. ನಾನು ಎದುರು ಕೂತರೆ ಸಾಕು, ಇದು ಪರೀಕ್ಷೆ ಎಂದು ಅವಳಿಗೆ ವಾಸನೆ ಹತ್ತುತ್ತಿತ್ತು. ಕೈ ಮತ್ತೆ ತೊಡೆಯ ಅಡಿಗೆ.

ಒಂದು ಮಧ್ಯಾಹ್ನ ಅವಳನ್ನು ಫೋನಿನ ಸಮೇತ ಎದುರುಮನೆಯಲ್ಲಿ ಬಿಟ್ಟು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಬರುವಾಗ ಬಾಗಿಲು ಅರೆ ತೆರೆದಿತ್ತು. ಕಾಕಾ ನೆಲದ ಮೇಲೆ ಹಳೇ ಧೋತರ ಹಾಸಿ, ಊರಿನಿಂದ ಬಂದ ಕಾಳುಹತ್ತಿ ಹರವಿಕೊಂಡಿದ್ದರು. ಮಗಳು ಫೋನಿನಲ್ಲಿ ಒಂದು ಬೆಕ್ಕಿನ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತಿದ್ದಳು.

"ಚಿನ್ನಿ, ಅದೇನ್ ಮಾಡಿದಿ ಈಗ?"

"ಫೋಟೋ ಬಡಾ ಕಿಯಾ, ಆಜೋಬಾ." ಅಜ್ಜ ಎನ್ನಲು ಅವಳು ಶಾಲೆಯಲ್ಲಿ ಕಲಿತ ಮರಾಠಿ ಅದು.

"ಹೌದಾ? ಇದನ್ನೂ ಒಂಚೂರು ಬಡಾ ಮಾಡಿಕೊಡು ನೋಡೂಣು" ಎಂದು ಒಂದು ಚಿಟಿಕೆ ಹತ್ತಿಯನ್ನು ಅವಳ ಬೆರಳುಗಳ ನಡುವೆ ಇಟ್ಟರು. ಅವಳು ಅದೇ ರೀತಿ ಬೆರಳು ಅಗಲಿಸಿದಳು. ಹತ್ತಿ ಮೋಡದಂತೆ ಬಿಚ್ಚಿಕೊಂಡಿತು. ಅವಳಿಗೆ ಆಶ್ಚರ್ಯ. ಒಳಗಿದ್ದ ಕರಿಯ ಕಾಳು ಟಪ್ಪೆಂದು ಧೋತರದ ಮೇಲೆ ಬಿತ್ತು. ಇನ್ನೊಂದಕ್ಕೆ ತಾನೇ ಕೈ ಚಾಚಿದಳು.

"ಈಗ ಬಟ್ಟು ಹಾಲಾಗ ಅದ್ದಿ, ಇಲ್ಲೆ ಛೋಟಾ ಮಾಡು."

ಬೆರಳು ಕೂಡಿಸಿ ಚಿವುಟಿದಳು. ಹತ್ತಿ ಅಲ್ಲಿ ಕತ್ತಿನಂತೆ ಸಣ್ಣಗಾಯಿತು. ಅಷ್ಟರಲ್ಲಿ ಫೋನಿನಲ್ಲಿ ಏನೋ ಸದ್ದಾಗಿ ಅವಳು ಅದನ್ನು ತೀಡಿದಳು. ಹಾಲು ಹತ್ತಿದ ಬೆರಳಿನ ಮಾತನ್ನು ಫೋನು ಕೇಳಲಿಲ್ಲ. ಮತ್ತೊಮ್ಮೆ ತೀಡಿದಳು, ಬೇಸರದಿಂದ ಅದನ್ನು ಬೋರಲು ಹಾಕಿ ಹತ್ತಿಗೆ ಮರಳಿದಳು. ನಾನು ಬಾಗಿಲಲ್ಲೇ ಶಾಬಾಸ್ ಎನ್ನಲು ಬಾಯಿ ತೆರೆದಿದ್ದೆ. ಕಾಕಾ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ, "ಶಾಬಾಸ್ ಅನಬ್ಯಾಡವಾ. ಅಂದ್ರ ಕೆಲಸ ಅಂತ ತಿಳೀತದ, ಬಿಟ್ಟಬಿಡ್ತದ" ಎಂದರು.

ಅಂದಿನಿಂದ ಕಾಕೂನ ಕುರ್ಚಿಯ ಮುಂದೆ ಇಬ್ಬರು ವಿದ್ಯಾರ್ಥಿಗಳು. ಕಾಕು ಯಾರಿಗೂ ರಿಯಾಯಿತಿ ತೋರಿಸುತ್ತಿರಲಿಲ್ಲ. ಮಗಳ ಎಳೆಯನ್ನು ನೋಡಿ "ಇದು ಇಲಿ ಬಾಲ", ಗಂಡನದನ್ನು ನೋಡಿ "ಇದು ಇಲಿ ನುಂಗಿದ ಹಾವು". ಇಬ್ಬರೂ ಒಟ್ಟಿಗೆ ಬೈಸಿಕೊಂಡು ಒಟ್ಟಿಗೆ ನಗುವರು. ನನ್ನ ಮುಂದೆ ಒಂದು ಗೆರೆ ತಪ್ಪಿದರೆ ಕಣ್ಣೀರು ಹಾಕುತ್ತಿದ್ದವಳು ಅಲ್ಲಿ ಬಿಚ್ಚಿ ಬಿಚ್ಚಿ ಮತ್ತೆ ಮಾಡುತ್ತಿದ್ದಳು. ದೊಡ್ಡವರಿಗೂ ಬರುವುದಿಲ್ಲ ಎಂಬುದನ್ನು ಅವಳು ಮೊದಲ ಸಲ ನೋಡಿದ್ದು ಆ ಮನೆಯಲ್ಲೇ ಇರಬೇಕು.

ಹಬ್ಬದ ಹಿಂದಿನ ದಿನ ಕುಂಕುಮದ ಚುಕ್ಕೆ ಇಡುವ ಕೆಲಸ ಅವಳ ಪಾಲಿಗೆ ಬಂತು. ಚುಕ್ಕೆ ಇಡಬೇಕಾದದ್ದು ಮಣಿಗಳ ನಡುವಿನ ಸಣ್ಣ ಕತ್ತಿಗೆ. ಅವಳು ಮಣಿಗಳ ಮೇಲೆಲ್ಲ ಧಾರಾಳವಾಗಿ ಇಟ್ಟು, ಹೆಮ್ಮೆಯಿಂದ ತಂದು ತೋರಿಸಿದಳು.

"ಅಯ್ಯಯ್ಯ, ಗಣಪ್ಪಗ ದಡಾರ ಎದ್ದಂಗ ಆತು!" ಎಂದರು ಕಾಕಾ.

"ಸುಮ್ನಿರ್ರಿ" ಎಂದರು ಕಾಕು. ಎಳೆಯನ್ನು ನಡುಗುವ ಅಂಗೈ ಮೇಲೆ ಹಾಕಿಸಿಕೊಂಡು ಬಹಳ ಹೊತ್ತು ನೋಡಿದರು. "ಮಣಿ ಎಲ್ಲಾ ಒಂದ ಸಮ ಬಂದಾವ. ಇದನ್ನ ಹಾಕ್ರಿ." ಕಾಕಾ ಮಾಡಿದ್ದು ಆ ವರ್ಷ ಗಣಪ್ಪನ ಕಾಲಬಳಿಯ ಇಲಿಗೆ ಹೋಯಿತು.

ದೀಪಾವಳಿ ಮುಗಿದು ಶಾಲೆಗೆ ಹೋಗುವ ದಿನ ಮನೆಯವರಿಗೆ ರಜೆ ಸಿಗಲಿಲ್ಲ, ಕಾಕಾ ಜೊತೆಗೆ ಬಂದರು. ಕೆಜಿಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು. ಟೀಚರ್ ಪೆನ್ಸಿಲ್ ಕೊಟ್ಟರು. ಮಗಳು ಕೈ ಅಡಗಿಸಲಿಲ್ಲ. ಆಮೇಲೆ ನೋಡಿದೆ. ಅವಳು ಪೆನ್ಸಿಲನ್ನು ಹೆಬ್ಬೆರಳು, ನಡುಬೆರಳಿನ ನಡುವೆ ಹಿಡಿದಿದ್ದಳು. ತೋರುಬೆರಳು ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ಅಕ್ಷರಗಳು ಜಾರುತ್ತಿದ್ದವು. ಟೀಚರ್ ಬೆರಳನ್ನು ಕೆಳಗಿಟ್ಟರು, ಅದು ಮತ್ತೆ ಮೇಲೆದ್ದಿತು. ಇದನ್ನು ಯಾರು ಕಲಿಸಿದರು ಎಂದು ಕೇಳಿದರು.

"ಆಜೋಬಾ" ಎಂದಳು ಮಗಳು, ಸಂತೋಷದಿಂದ.

ಮಗು ಕಲಿಯುತ್ತಿದೆ, ಆದರೆ ಹೀಗೆ ಹಿಡಿದರೆ ಕೈ ಸೋಲುತ್ತದೆ, ಪರೀಕ್ಷೆಯವರೆಗೆ ಕಾಯೋಣ ಎಂದು ಟೀಚರ್ ಹೇಳಿದರು. ರಿಕ್ಷಾದಲ್ಲಿ ಕಾಕಾ ಬಲಗೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು. ಅವರು ಹಾಗೆ ಕೈ ಮರೆಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಎರಡು ದಿನ ಬಾಗಿಲು ಮುಚ್ಚಿತ್ತು. ಮಗಳು ತಟ್ಟಿ ತಟ್ಟಿ ವಾಪಸು ಬಂದಳು. ಮೂರನೆಯ ದಿನ ನಾನೇ ಹೋದೆ. ಕಾಕಾ ಬಾಲ್ಕನಿಯಲ್ಲಿದ್ದರು.

"ನನ್ನ ಕೈಯಾಗಿನ ಕುಂದು ಕೂಸಿನ ಕೈಗೆ ಹತ್ತಿಸಿದೆನಲ್ಲವಾ. ನಾ ಕಲಿಸಬಾರದಿತ್ತು."

ಅಷ್ಟರಲ್ಲೇ ಒಳಗಿನಿಂದ ಕಾಕು ಕೂಗಿದರು: "ಕಲಿಸಿದಾಕಿ ನಾನು! ನೀವೂ ನನ್ನ ಹತ್ರನ ಕಲಿತೀರಿ. ನೋಡಿ ಕಲಿಯೋ ಕೂಸು ಅದು, ನೋಡಿದ್ದು ಮಾಡ್ತು. ಛಲೋದು ತೋರಸ್ರಿ, ಛಲೋದು ಮಾಡ್ತದ. ಮಾರಿ ಯಾಕ ಹುಳ್ಳಗ ಮಾಡಕೊಂಡೀರಿ?"

ಮರುದಿನ ಬಾಗಿಲು ತೆರೆದಿತ್ತು. ಕಾಕಾ ತೋರುಬೆರಳಿನ ಮೋಟಿಗೆ ಹತ್ತಿ ಸುತ್ತಿ, ಮೇಲೆ ಬಿಳಿ ಬಟ್ಟೆ ಬಿಗಿದು ದಾರ ಕಟ್ಟಿ, ಪೂರಾ ಉದ್ದದ ಒಂದು ಬೆರಳು ಮಾಡಿಕೊಂಡಿದ್ದರು. ತುದಿಗೆ ಕುಂಕುಮದಿಂದ ಉಗುರನ್ನೂ ಬರೆದಿದ್ದರು. ಮಗಳು ನೋಡಿದವಳೇ ನೆಲದ ಮೇಲೆ ಹೊರಳಿ ನಕ್ಕಳು.

"ನಗಬ್ಯಾಡ, ಹೊಸಾದು ಬಂದದ. ಇದಕ್ಕ ಕೆಲಸ ಗೊತ್ತಿಲ್ಲ. ನಿಂದು ತೋರಸು, ಇದು ನೋಡಿ ಕಲೀಲಿ."

ಬಟ್ಟೆಯ ಬೆರಳು ಬಗ್ಗುತ್ತಿರಲಿಲ್ಲ. ಪ್ರತಿ ಸಲವೂ ಪೆನ್ಸಿಲಿನ ಮೇಲಿಂದ ಜಾರುತ್ತಿತ್ತು. ಮಗಳು ಅದನ್ನು ಹಿಡಿದು ಮತ್ತೆ ಮತ್ತೆ ಸರಿಯಾದ ಜಾಗದಲ್ಲಿ ಇಡುವಳು, "ಐಸೇ ನಹೀ ಆಜೋಬಾ, ಐಸೇ" ಎಂದು ತನ್ನ ಬೆರಳನ್ನು ಕೆಳಗಿಟ್ಟು ತೋರಿಸುವಳು. ಕಾಕಾ ತಪ್ಪುತ್ತಲೇ ಇದ್ದರು. ಎಷ್ಟು ತಪ್ಪು ನಿಜದ್ದು, ಎಷ್ಟು ಬೇಕೆಂದು ಮಾಡಿದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಚಳಿಗಾಲವಿಡೀ ಅವರು ಬೆಳಿಗ್ಗೆ ಸ್ನಾನ ಮಾಡಿ ಬೆರಳು ಕಟ್ಟಿಕೊಳ್ಳುತ್ತಿದ್ದರು. ತರಕಾರಿ ತರುವಾಗಲೂ ಬಿಚ್ಚುತ್ತಿರಲಿಲ್ಲ. ವಾಚ್‌ಮನ್ ಗಾಯವೇ ಎಂದು ಕೇಳಿದರೆ "ಶಾಲೀಗೆ ಹೊಂಟದ" ಎನ್ನುತ್ತಿದ್ದರು.

ಪರೀಕ್ಷೆಯ ದಿನ ಮಗಳು ತನ್ನ ಹೆಸರು ಬರೆದಳು. ಒಂದು ಅಕ್ಷರ ಗೆರೆಯಿಂದ ಹೊರಗೆ ಇಣುಕಿತ್ತು, ಉಳಿದವು ಒಳಗಿದ್ದವು. ಎಲ್ಲ ಬೆರಳುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಜೂನ್‌ನಲ್ಲಿ ಅವಳು ಒಂದನೆಯ ತರಗತಿಗೆ ಹೋದಳು. ಫೋನೇನೂ ಮನೆ ಬಿಟ್ಟು ಹೋಗಲಿಲ್ಲ, ಈಗಲೂ ಕೇಳುತ್ತಾಳೆ, ಕೊಡುತ್ತೇನೆ. ಆದರೆ ಅವಳ ಕೈಗೆ ಬೇರೆ ಕೆಲಸಗಳ ರುಚಿ ಹತ್ತಿತ್ತು. ನಾನು ಕಾಕಾ ಅವರಿಗೆ ಒಂದು ಪಾತ್ರೆ ಹೆಸರುಬೇಳೆ ಪಾಯಸ ಕೊಟ್ಟೆ. "ಬೆಲ್ಲ ಕಡಿಮಿ ಆಗೇದ" ಎಂದು ಪೂರ್ತಿ ತಿಂದರು. ನಾನು ಧನ್ಯವಾದ ಎಂದು ಬಾಯಿ ತೆರೆದರೆ, "ಮತ್ತ ಇಸ್ತ್ರಿ ಹೊರಗ ತಗದಿ" ಎಂದು ತಡೆದುಬಿಟ್ಟರು.

ಕಳೆದ ಮಾಘದಲ್ಲಿ ಕಾಕಾ ತೀರಿಕೊಂಡರು. ಎದೆನೋವು ಎಂದರು, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಲ್ಯಾಣದಿಂದ ಕಾಕೂನ ತಂಗಿ ಬಂದು ಜೊತೆಗಿದ್ದಾರೆ. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲಿನ ಒಂದು ಬೆಳಿಗ್ಗೆ ನಾನು ಚಹ ತೆಗೆದುಕೊಂಡು ಹೋದೆ. ತಂಗಿ ಹಾಲು ತರಲು ಕೆಳಗೆ ಹೋಗಿದ್ದರು. ಕಾಕು ಕೋಣೆಯ ಬಾಗಿಲಲ್ಲಿ, ಸೆರಗನ್ನು ಎದೆಗವಚಿ ಹಿಡಿದು ನಿಂತಿದ್ದರು. ಕುಪ್ಪಸದ ಹುಕ್ಕುಗಳು ಬಿಚ್ಚಿಕೊಂಡಿದ್ದವು. ನಡುಗುವ ಕೈ ಒಂದು ಹುಕ್ಕನ್ನು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಇಷ್ಟು ವರ್ಷ ದಿನವೂ ಅವನ್ನು ಯಾರು ಹಾಕಿಕೊಡುತ್ತಿದ್ದರೆಂದು ಆ ಗಳಿಗೆಯವರೆಗೂ ನನಗೆ ಹೊಳೆದಿರಲಿಲ್ಲ.

ನಾನು ಚಹ ಎಲ್ಲಿಡಲಿ ಎಂದು ನೋಡುವಷ್ಟರಲ್ಲಿ, ಶಾಲೆಗೆ ಹೊರಟು ನನ್ನ ಹಿಂದೆಯೇ ಬಂದಿದ್ದ ಮಗಳು ಬ್ಯಾಗನ್ನು ನೆಲಕ್ಕಿಟ್ಟು ಮುಂದೆ ಹೋದಳು.

"ಆಜಿ, ಹಲೂ ನಕೋ" ಎಂದಳು. ಅಲ್ಲಾಡಬೇಡ ಎಂದು.

"ನಾ ಎಲ್ಲೆ ಅಲ್ಲಾಡ್ಲಿಕತ್ತೀನವಾ, ಕೈ ಅಲ್ಲಾಡ್ತಾವ" ಎಂದರು ಕಾಕು.

ಅವಳು ಕೆಳಗಿನಿಂದ ಶುರುಮಾಡಿದಳು. ಹುಕ್ಕುಗಳು ಅಕ್ಕಿಕಾಳಿನಷ್ಟು ಸಣ್ಣವು. ಒಂದೊಂದನ್ನೂ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು, ನೂಲಿನ ಕುಣಿಕೆಗೆ ತೂರಿಸಿ, ಮೆಲ್ಲಗೆ ಎಳೆದು ನೋಡಿ, ಮೇಲಿನದಕ್ಕೆ ಹೋದಳು. ಸೆರಗು ಸರಿಮಾಡಿದಳು. "ಝಾಲ", ಆಯಿತು ಎಂದು ಬ್ಯಾಗು ಹೆಗಲಿಗೇರಿಸಿ, ಬಸ್ಸು ತಪ್ಪೀತೆಂದು ಮೆಟ್ಟಿಲಿಳಿದು ಓಡಿದಳು.

ಕಾಕು ಸೆರಗಿನ ಒಳಗೆ ಕೈಯಿಟ್ಟು ಹುಕ್ಕುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಎಲ್ಲದರಲ್ಲೂ ಕೊಂಕು ಹುಡುಕುವ ಅವರಿಗೆ ಅಂದು ಏನೂ ಸಿಗಲಿಲ್ಲ.

"ಒಂದೂ ತಪ್ಪಿಲ್ಲ ನೋಡವಾ" ಎಂದರು. "ಅವರು ದಿನಾ ಒಂದಾದ್ರೂ ಬಿಡ್ತಿದ್ರು."