ಸಿಮೆಂಟಿನ ಗೆರೆ ಮತ್ತು ಒಂದು ಪಾಯಿಂಟು

ಫುಟ್‌ಬಾಲು ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನನ್ನ ಗಂಡ ನಮ್ಮ ಶಹಾಬಾದಿನ ಕ್ಲಬ್ಬಿನ ಗೋಲ್‌ಕೀಪರ್. ವಾರವೆಲ್ಲ ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ನಿಂತು ಬೂದಿ ಬಳಿದುಕೊಂಡವನ ಹಾಗೆ ಮನೆಗೆ ಬರುತ್ತಾನೆ. ಭಾನುವಾರ ಒಂದು ದಿನ ಮೈ ತೊಳೆದುಕೊಂಡು ಮನೆಯಲ್ಲಿ ಕೂತಿರುತ್ತಾನೇನೋ ಎಂದುಕೊಂಡರೆ, ಮೈದಾನಕ್ಕೆ ಹೋಗಿ ಮಣ್ಣಲ್ಲಿ ಬಿದ್ದು ಹೊರಳಿ ಬರುತ್ತಾನೆ. ವಯಸ್ಸು ನಲವತ್ತರ ಹತ್ತಿರ. ಮೊಣಕಾಲಿಗೆ ನಾನೇ ಎಣ್ಣೆ ತಿಕ್ಕಬೇಕು. ಬೈಯುತ್ತ ತಿಕ್ಕುತ್ತೇನೆ, ಅವನು ನಗುತ್ತ ತಿಕ್ಕಿಸಿಕೊಳ್ಳುತ್ತಾನೆ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ನಡೆಸುತ್ತೇನೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕ್ಲಬ್ಬಿನ ಹುಡುಗರೆಲ್ಲ ಉಣ್ಣುವುದು ಅಲ್ಲೇ. ‘ವೈನಿ, ಬರಕೋರಿ’ ಎಂದು ಕೈ ತೊಳೆದುಕೊಂಡು ಹೋಗುತ್ತಾರೆ. ಏನು ಬರೆದುಕೊಳ್ಳುವುದು, ಹಣೆಬರಹ! ಕ್ಲಬ್ಬಿನ ಹತ್ತಿರ ದುಡ್ಡಿದ್ದರೆ ತಾನೇ ಕೊಡುವುದು? ಚೆಂಡು ಹರಿದರೆ ಹೊಲಿದುಕೊಳ್ಳುತ್ತಾರೆ. ಸೇಡಂಗೋ ಚಿತ್ತಾಪುರಕ್ಕೋ ಆಡಲು ಹೋದರೆ ಇಬ್ಬರ ಬೂಟು ನಾಲ್ಕು ಜನ ಹಂಚಿಕೊಳ್ಳುತ್ತಾರೆ. ಊರಿನ ಒಬ್ಬ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರು ಜರ್ಸಿಯ ಮೇಲೆ ತಮ್ಮ ಅಂಗಡಿಯ ಹೆಸರು ಹಾಕಿಸಿ ಗಾಡಿ ಬಾಡಿಗೆ ಮತ್ತು ಲೀಗಿನ ಫೀ ಕಟ್ಟುತ್ತಿದ್ದರು. ಅದೊಂದೇ ಆಸರೆ.

ಆ ವರ್ಷ ಆ ಆಸರೆಯೂ ಅಲ್ಲಾಡತೊಡಗಿತು. ನಮ್ಮವರು ಸೋತರು, ಸೋತರು, ಮತ್ತೂ ಸೋತರು. ಜಿಲ್ಲಾ ಲೀಗಿನ ಎ ಡಿವಿಜನ್ನಿನಲ್ಲಿ ಕೊನೆಗೆ ನಿಂತ ತಂಡ ಬಿ ಡಿವಿಜನ್ನಿಗೆ ಬೀಳಬೇಕು. ಸಾಹುಕಾರರು ಒಂದು ದಿನ ನನ್ನ ಖಾನಾವಳಿಗೇ ಬಂದು ನನ್ನ ಗಂಡನ ಎದುರು ಕೂತು ಹೇಳಿದರು: “ನೋಡಪಾ, ಮ್ಯಾಲಿನ ಡಿವಿಜನ್‌ದಾಗ ಇರೋತನ ಜರ್ಸಿ ಮ್ಯಾಲ ನನ್ನ ಅಂಗಡಿ ಹೆಸರು ಇರ್ತದ. ಕೆಳಗ ಬಿದ್ರ ಅಲ್ಲಿ ನೋಡಾಕ ಯಾರ್ ಬರ್ತಾರ? ನಾ ಕೈ ಬಿಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ.”

ಅವರು ಕೈ ಬಿಟ್ಟರೆ ಕ್ಲಬ್ಬು ಮುಚ್ಚಿದಂತೆಯೇ. ಚಿಕ್ಕ ವಯಸ್ಸಿನವರು ವಾಡಿಗೋ ಚಿತ್ತಾಪುರಕ್ಕೋ ಹೋಗಿ ಆಡಿಕೊಂಡಾರು. ನನ್ನ ಗಂಡನನ್ನು ಯಾರು ಕರೆಯಬೇಕು? ಈ ವಯಸ್ಸಿನಲ್ಲಿ, ಆ ಮೊಣಕಾಲು ಇಟ್ಟುಕೊಂಡು? ಕ್ಲಬ್ಬು ಮುಗಿದರೆ ಅವನ ಆಟವೂ ಅವತ್ತೇ ಮುಗಿಯಿತು. ಅವನು ಎರಡು ರೊಟ್ಟಿ ಕಡಿಮೆ ಉಣ್ಣತೊಡಗಿದ. ನಾನು ಮಾತ್ರ ಎಲ್ಲರೆದುರೇ, “ಬೀಳ್ಲಿ ಬಿಡ್ರಿ, ಒಂದು ಪೀಡಾ ಹೋಗ್ತದ” ಎನ್ನುತ್ತಿದ್ದೆ. ಹಾಗೆಂದಾಗ ಅವನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದ.

ಕೊನೆಗೆ ಒಂದೇ ಆಟ ಉಳಿಯಿತು. ನಮ್ಮ ಮೈದಾನದಲ್ಲಿ, ವಾಡಿಯವರ ಮೇಲೆ. ನಮ್ಮ ಹಾಗೇ ಕೆಳಗಿದ್ದ ಚಿಂಚೋಳಿಯವರ ಆಟಗಳೆಲ್ಲ ಮುಗಿದಿದ್ದವು. ಅವರಿಗೂ ನಮಗೂ ಪಾಯಿಂಟು ಸಮ, ಆದರೆ ಗೋಲಿನ ಲೆಕ್ಕದಲ್ಲಿ ನಾವು ಹಿಂದೆ. ಸೋತರೆ ನಾವು ಕೆಳಗೆ. ಡ್ರಾ ಮಾಡಿಕೊಂಡು ಒಂದು ಪಾಯಿಂಟು ತಂದರೂ ಸಾಕು, ಉಳಿದೆವು.

ನಮ್ಮೂರಲ್ಲಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದಿಲ್ಲ. ಕಲ್ಲು ಪಾಲಿಶ್ ಮಾಡುವಾಗ ಬೀಳುವ ಪುಡಿಯನ್ನು ಒಣಗಿಸಿ ಅದರಲ್ಲೇ ಎಳೆಯುತ್ತಾರೆ. ಪುಕ್ಕಟೆ ಸಿಗುತ್ತದಲ್ಲ! ಗಾಳಿ ಬಂದರೆ ಮಾತ್ರ ಅರ್ಧ ಆಟದಲ್ಲೇ ಗೆರೆ ಮಾಯ. ಹಿಂದಿನ ವಾರ ಸೇಡಂನವರ ಜೊತೆ ಆಡುವಾಗ ಹೀಗೇ ಆಗಿ, ಚೆಂಡು ಗೆರೆ ದಾಟಿತು, ದಾಟಲಿಲ್ಲ ಎಂದು ದೊಡ್ಡ ಜಗಳವಾಗಿ, ರೆಫರಿ ಅವರಿಗೇ ಗೋಲು ಕೊಟ್ಟುಬಿಟ್ಟಿದ್ದರು. ಅದು ನನ್ನ ಗಂಡನ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು. “ಈ ಸಲ ಗೆರಿ ಹಾರಬಾರದು ನೋಡು” ಎಂದು ಕ್ಯಾಪ್ಟನ್ನನಿಗೆ ಹೇಳಿದ.

ಕ್ಯಾಪ್ಟನ್ ನಮ್ಮ ಓಣಿಯ ಮುಸ್ಲಿಂ ಹುಡುಗ, ಮನೆ ಕಟ್ಟುವ ಗೌಂಡಿ. ಅವನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಎಲ್ಲೋ ಕೆಲಸದಲ್ಲಿ ಉಳಿದ ಅರ್ಧ ಚೀಲ ಸಿಮೆಂಟು ತಂದ. ಶನಿವಾರ ಬೆಳಿಗ್ಗೆ ಇಬ್ಬರೂ ಸೇರಿ ಪುಡಿಗೆ ಸಿಮೆಂಟು ಬೆರೆಸಿ, ನೀರು ಕಲಸಿ, ದಾರ ಹಿಡಿದು, ಎರಡೂ ಗೋಲಿನ ಮುಂದೆ ಕರಣಿಯಿಂದ ದಪ್ಪಗೆ, ನೀಟಾಗಿ ಗೆರೆ ಹಾಕಿದರು. ಸ್ವಲ್ಪ ಬೆರೆಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಇವರ ಕೈ ಎಂಥದು? ಒಬ್ಬ ಕಲ್ಲಿನವನು, ಒಬ್ಬ ಗೌಂಡಿ. ಕೆಲಸ ಕಚ್ಚಾ ಮಾಡಿ ಗೊತ್ತಿಲ್ಲ. ಸಂಜೆ ಹೋಗಿ, ಗಟ್ಟಿಯಾಗಲೆಂದು ಸ್ಲ್ಯಾಬಿಗೆ ಹೊಡೆಯುವ ಹಾಗೆ ಗೆರೆಗೆ ನೀರೂ ಹೊಡೆದು ಬಂದರು! ಭಾನುವಾರ ಬೆಳಿಗ್ಗೆ ಮತ್ತೊಮ್ಮೆ ಹೊಡೆದರು.

ಊರಿಗೆ ಆಡಲು ಬಂದವರಿಗೆ ಊಟ ಹಾಕಿಯೇ ಆಡಿಸುವುದು ನಮ್ಮ ಕಡೆ ರೂಢಿ. ವಾಡಿಯವರು ಮಧ್ಯಾಹ್ನದ ರೈಲಿಗೆ ಬಂದಿಳಿದು ನನ್ನ ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಆಗ ಕ್ಯಾಪ್ಟನ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ.

“ಭಾಬಿ, ಘಾತ ಆಗ್ಯದ. ರೆಫರಿ ಸಾಹೇಬ್ರು ಗ್ರೌಂಡ್ ನೋಡಿ ಆಡಸಂಗಿಲ್ಲ ಅನ್ಲಿಕತ್ತಾರ.”

ಸಾರಿನ ಸೌಟು ಕೈಯಲ್ಲೇ ಹಿಡಿದುಕೊಂಡು ಓಡಿದೆ. ಮೈದಾನ ನೋಡಿದರೆ, ಅಯ್ಯ ಶಿವನೇ! ಗೋಲಿನ ಮುಂದೆಲ್ಲ ಬೆರಳುದ್ದ ಎತ್ತರದ ಕಟ್ಟೆ ಎದ್ದು ನಿಂತಿದೆ. ಕಲಬುರಗಿಯಿಂದ ಬಂದಿದ್ದ ರೆಫರಿ ಅದನ್ನು ಬೂಟಿನಿಂದ ಒದ್ದು ನೋಡಿ ಕೇಳಿದರು: “ಇದೇನ್ರಿ, ಗ್ರೌಂಡೋ, ಮನಿ ಪಾಯಾನೋ? ಯಾರರ ಇದಕ್ಕ ಎಡವಿದ್ರ ಕಾಲ್ ಮುರೀತದ. ನಾಲ್ಕಕ್ಕ ಆಟ ಶುರು. ಅಷ್ಟರಾಗ ಇದು ಹೋಗಬೇಕು. ಇಲ್ಲಾಂದ್ರ ವಾಡಿಯವರು ಗೆದ್ರು ಅಂತ ಬರೀತೀನಿ.”

ಮೈದಾನ ಸರಿಯಿಡುವುದು ನಮ್ಮ ಜವಾಬ್ದಾರಿ. ಅವರ ತಪ್ಪೇನೂ ಇರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. “ಉಳೀಬೇಕು ಅಂತ ನೀವ ನಿಮ್ಮ ಗೋರಿ ಕಟ್ಟಿಕೊಂಡೀರಲ್ಲರಿ! ನೀರ್ ಬ್ಯಾರೆ ಹೊಡದೀರಿ! ಮ್ಯಾಲೊಂದು ಛತ್ತು ಹಾಕೋದೊಂದು ಬಾಕಿ ಇತ್ತು!” ಎಂದು ಸೌಟು ಬೀಸುತ್ತ ಕೂಗಾಡಿದೆ. ಸೇರಿದ್ದ ಮಂದಿ ನಕ್ಕರು. ನನ್ನ ಗಂಡ ಗೋಲಿನ ಮುಂದೆ ಮೊಣಕಾಲೂರಿ ಕೂತು, ಎಲ್ಲಿಂದಲೋ ತಂದ ಉಳಿ ಸುತ್ತಿಗೆಯಿಂದ ತಾನು ಹಾಕಿದ ಗೆರೆಯನ್ನು ತಾನೇ ಒಡೆಯುತ್ತಿದ್ದ. ಏಟು ತಪ್ಪಿ ಉಳಿ ಮತ್ತೆ ಮತ್ತೆ ಜಾರುತ್ತಿತ್ತು. ಕಲ್ಲಿನ ಮೇಲೆ ಅವನ ಏಟು ತಪ್ಪಿದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಓಣಿಗೆ ಓಡಿಬಂದು ಬಾಗಿಲು ಬಾಗಿಲಿಗೆ ನಿಂತು ಕೂಗಿದೆ: “ಉಳಿ ಇದ್ದವರು ಉಳಿ ತಗೊಂಡ್ ಬರ್ರಿ, ಹಾರಿ ಇದ್ದವರು ಹಾರಿ ತಗೊಂಡ್ ಬರ್ರಿ!” ನಮ್ಮ ಊರಲ್ಲಿ ಉಳಿ ಹಾರೆಗಳಿಗೇನು ಬರಗಾಲ? ಕಲ್ಲಿನ ಖಣಿಯಲ್ಲಿ ದುಡಿದು ಮಲಗಿದ್ದವರು ಎದ್ದು ಬಂದರು. ಕಲ್ಲಿನ ಅಂಚು ಹೊಡೆಯುವ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದರು. ಕ್ಯಾಪ್ಟನ್ನನ ಅಮ್ಮ ಬುರ್ಖಾದಲ್ಲೇ ಬಂದು, ಮಗನ ಬೆನ್ನಿಗೆ ಒಂದು ಗುದ್ದಿ, ಚೂರುಗಳನ್ನು ಬುಟ್ಟಿಗೆ ತುಂಬತೊಡಗಿದರು.

ವಾಡಿಯವರು ಊಟ ಮುಗಿಸಿ ಬಂದು ಬೇವಿನ ಮರದ ನೆರಳಲ್ಲಿ ನಿಂತು ನೋಡುತ್ತಿದ್ದರು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಗೆಲುವು ತಾನಾಗಿಯೇ ಅವರ ಕೈಗೆ ಬರುತ್ತಿತ್ತು. ಅವರ ಕ್ಯಾಪ್ಟನ್, ಉದ್ದನೆಯ ಕಪ್ಪು ಮನುಷ್ಯ, ಸ್ವಲ್ಪ ಹೊತ್ತು ನೋಡಿ ನನ್ನ ಹತ್ತಿರ ಬಂದು, “ಅಕ್ಕಾ, ಒಂದು ಹಾರಿ ಕೊಡ್ರಿ” ಎಂದ.

“ನಿಮಗ್ಯಾಕ್ರಿ ಈ ಕೆಲಸ?” ಎಂದೆ.

“ಈಗ ನಿಮ್ಮ ಮನ್ಯಾಗ ಉಂಡು ಎದ್ದೀವಿ. ನಿಂತು ಮಜಾ ನೋಡಿ ಪಾಯಿಂಟ್ ತಗೊಂಡ್ ಹೋದ್ರ ಉಂಡದ್ದು ಮೈಗೆ ಹತ್ತಂಗಿಲ್ರಿ. ಆಡಿ ಸೋಲಸ್ತೀವಿ, ನೀವೇನ್ ಚಿಂತಿ ಮಾಡಬ್ಯಾಡ್ರಿ.” ಹೀಗೆಂದು ನಗುತ್ತ ಹೋಗಿ ನನ್ನ ಗಂಡನ ಪಕ್ಕದಲ್ಲೇ ಕೂತ. ಅವನ ಹಿಂದೆ ಉಳಿದವರೂ ಹೋದರು.

ನಾಲ್ಕಕ್ಕೆ ಮುಂಚೆ ಕಟ್ಟೆಯೆಲ್ಲ ಕಿತ್ತು, ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿದ್ದಾಯಿತು. ಹೊಸ ಗೆರೆಗೆ ಹೆಂಗಸರು ಮನೆಮನೆಯಿಂದ ರಂಗೋಲಿ ಡಬ್ಬಿ ತಂದು ಬಗ್ಗಿ ಎಳೆದರು. ರೆಫರಿ ಒಂದು ಸುತ್ತು ನಡೆದು ನೋಡಿ ಸೀಟಿ ಕೈಗೆ ತೆಗೆದುಕೊಂಡರು.

ಅವತ್ತು ನಾನು ಮೊದಲ ಸಲ ಆಟ ಪೂರ್ತಿ ನೋಡಿದೆ. ವಾಡಿಯವರು ಹೇಳಿದಂತೆಯೇ ಆಡಿದರು, ಒಂದಿಷ್ಟೂ ಕರುಣೆ ತೋರಿಸಲಿಲ್ಲ. ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ಎರಡನೇ ಅರ್ಧದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ನಮ್ಮ ಗೌಂಡಿ ಕ್ಯಾಪ್ಟನ್ ತಲೆ ಕೊಟ್ಟ. ಗೋಲು! ಪಕ್ಕದಲ್ಲಿದ್ದ ಅವನ ಅಮ್ಮನನ್ನು ತಬ್ಬಿಕೊಂಡು ಕುಣಿದೆ. ನಾಚಿಕೆಗೀಚಿಕೆ ಏನೂ ಆಗಲಿಲ್ಲ.

ಇನ್ನೇನು ಮುಗಿಯಿತು ಎನ್ನುವಾಗ ವಾಡಿಯ ಆ ಉದ್ದನೆಯ ಕ್ಯಾಪ್ಟನ್ ಎಲ್ಲರನ್ನೂ ದಾಟಿಕೊಂಡು ಬಂದ. ಅವನ ಮುಂದೆ ನನ್ನ ಗಂಡ ಒಬ್ಬನೇ. “ಹಿಡೀರಿ! ಹಿಡೀರಿ!” ಎಂದು ಗಂಟಲು ಹರಿಯುವ ಹಾಗೆ ಚೀರಿದೆ. ಚೆಂಡು ಗುಂಡಿನಂತೆ ಬಂತು. ಅವನು ಪಕ್ಕಕ್ಕೆ ಹಾರಿ ಬಿದ್ದ, ಚೆಂಡು ಎದೆಗೆ ಬಡಿದು ಪುಟಿಯಿತು, ತೆವಳಿಕೊಂಡು ಹೋಗಿ ಅದರ ಮೇಲೆ ಮಲಗಿಬಿಟ್ಟ. ಆಟ ಮುಗಿಯಿತೆಂದು ರೆಫರಿ ಸೀಟಿ ಊದಿದರು. ಒಂದು ಪಾಯಿಂಟು ನಮ್ಮದಾಯಿತು.

ಎಲ್ಲರೂ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತುಕೊಂಡರು. ನನ್ನ ಗಂಡ ಮಾತ್ರ ಅಲ್ಲೇ ಚೆಂಡು ಅಪ್ಪಿಕೊಂಡು ಕೂತಿದ್ದ, ಏಳಲೇ ಇಲ್ಲ. ಪೆಟ್ಟಾಯಿತೋ ಏನೋ ಎಂದು ಗಾಬರಿಯಾಗಿ, ಊರೆಲ್ಲ ನೋಡುತ್ತಿದ್ದರೂ ಮೈದಾನದೊಳಗೆ ನಡೆದೆ. ಹತ್ತಿರ ಹೋದರೆ ಅಳುತ್ತಿದ್ದಾನೆ. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿದೆ.

“ಮುಂದಿನ ವರ್ಷ ನನಗ ನಲವತ್ತು ತುಂಬ್ತಾವ” ಎಂದ.

“ತುಂಬ್ಲಿ. ನಿಮ್ಮ ವಯಸ್ಸು ಆ ಚೆಂಡಿಗೇನ್ ಗೊತ್ತದ?” ಎಂದೆ.

ಅವನು ಅಳುತ್ತಲೇ ನಕ್ಕ. ಚೆಂಡು ಕೇಳಲು ಬಂದ ರೆಫರಿಗೆ ಕೈ ಅಡ್ಡ ಹಿಡಿದು, “ಇನ್ನ ಸ್ವಲ್ಪ ಹೊತ್ತು ಇರ್ಲಿ ಬಿಡ್ರಿ ಸಾಹೇಬ್ರ” ಎಂದವಳು ನಾನೇ.