ಇಂಜಿನ್ ನಿಂತಲ್ಲೇ ಸೋಡಾ

ಸವಣೂರಿನಲ್ಲಿ ದಿಲಾವರಸಾಬರ ಮನೆ ಯಾವುದೆಂದು ಕೇಳಿದರೆ ಹಳಬರು ಇವತ್ತಿಗೂ "ಸೋಡಾದ ದಿಲಾವರನದಾ?" ಅಂತಲೇ ತಿರುಗಿ ಕೇಳುತ್ತಾರೆ. ನಡುವೆ ಹದಿನೆಂಟು ವರ್ಷ ಸೋಡಾ ತುಂಬುವುದು ನಿಂತಿದ್ದರೂ ಹೆಸರು ಅಳಿಸಿರಲಿಲ್ಲ.

ಅವರ ತಂದೆ ಉಸ್ಮಾನಸಾಬರು ಹಿತ್ತಲಿನಲ್ಲಿ ಕೈಮಷೀನು ತಿರುವಿ ಗೋಲಿ ಸೋಡಾ ತುಂಬುತ್ತಿದ್ದರು. ಹಸಿಶುಂಠಿಯ ರಸ, ನಿಂಬೆ, ಸಕ್ಕರೆ, ಚೂರು ಕರಿಉಪ್ಪು. ಗೋಣಿಚೀಲ ಹೊದಿಸಿದ ಪೆಟ್ಟಿಗೆಗಳನ್ನು ಎತ್ತಿನಗಾಡಿಗೆ ಹೇರಿ ಯಲವಿಗಿ ಸ್ಟೇಶನ್ನಿಗೆ ಒಯ್ದು, ಉಗಿಬಂಡಿ ಬಂದಾಗ ಮಾರುವುದು. ದಿಲಾವರಸಾಬರು ಎಂಟನೆಯ ವಯಸ್ಸಿಗೇ ಆ ಪ್ಲಾಟ್‌ಫಾರ್ಮಿನಲ್ಲಿ "ಸೋಡಾ, ಶುಂಠಿ ಸೋಡಾ" ಎಂದು ಕೂಗಿದವರು. ಮುಂದೆ ಡೀಸೆಲ್ ಇಂಜಿನ್ ಬಂತು, ಗಾಡಿ ನಿಲ್ಲುವ ಹೊತ್ತು ಕಡಿಮೆಯಾಯಿತು. ಕೊನೆಗೆ ಅಂಗಡಿ ಅಂಗಡಿಗೂ ಕಂಪನಿಗಳ ಪ್ಲಾಸ್ಟಿಕ್ ಬಾಟಲಿ ಬಂದು ಕೂತವು. ದಿಲಾವರಸಾಬರು ವೀಳ್ಯದೆಲೆ ವ್ಯಾಪಾರಕ್ಕೆ ಇಳಿದರು. ಮಷೀನನ್ನು ಮಾತ್ರ ಮಾರಲಿಲ್ಲ. ವರ್ಷಕ್ಕೊಮ್ಮೆ, ರಂಜಾನ್ ಹಬ್ಬದ ಸುಣ್ಣಬಣ್ಣದ ಹೊತ್ತಿಗೆ, ಬಿಚ್ಚಿ ಎಣ್ಣೆ ಹಾಕಿ ಮತ್ತೆ ಮುಚ್ಚಿಡುವರು.

ಕಳೆದ ದೀಪಾವಳಿಯ ಮುಂದೆ ಸುಶೀಂದ್ರ ಎಂಬವರು ಮನೆಗೆ ಬಂದರು. ಸವಣೂರಿನ ಮಠದ ಓಣಿಯವರು, ರೈಲ್ವೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ತುಕ್ಕು ಹಿಡಿದು ನಿಂತಿದ್ದ ಒಂದು ಉಗಿ ಇಂಜಿನ್ನನ್ನು ಗೆಳೆಯರೊಡನೆ ನಾಲ್ಕು ವರ್ಷ ಕೂತು ರಿಪೇರಿ ಮಾಡಿದ್ದರು. ಅದೀಗ ಪ್ರವಾಸಿಗರನ್ನು ಕೂರಿಸಿಕೊಂಡು ಹುಬ್ಬಳ್ಳಿಯಿಂದ ಯಲವಿಗಿಗೆ ಒಂದು ದಿನ ಓಡಲಿತ್ತು.

"ನೀರು ತುಂಬಿಸಿಕೊಳ್ಳಲಿಕ್ಕೆ ಯಲವಿಗಿಯೊಳಗ ಮುಕ್ಕಾಲು ತಾಸು ನಿಲ್ತದ," ಎಂದರು ಸುಶೀಂದ್ರ. "ಆ ಹೊತ್ತಿಗೆ ನಿಮ್ಮ ಸೋಡಾ ಇಲ್ದಿದ್ರ ಹ್ಯಾಂಗ್ರಿ, ಸಾಹೇಬ್ರ?"

"ಮಷೀನ್ ಐತ್ರಿ. ಬಾಟ್ಲಿನೂ ಒಂದೂವರೆ ನೂರು ಅದಾವು," ಎಂದರು ದಿಲಾವರಸಾಬರು. "ಆದ್ರ ನನ್ನ ತೋಳು ಮೊದಲಿನಂಗ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ತಹಮೀನಾ, "ತಿರುವಾಕ ನಾ ಇದ್ದೇನಲ್ಲ, ಅಬ್ಬಾ," ಎಂದಳು. ಬಂಕಾಪುರದ ಶಾಲೆಯಲ್ಲಿ ಗಣಿತ ಕಲಿಸುವ ಮಗಳು ಮಷೀನಿಗೆ ಕೈ ಹಾಕುವೆನೆಂದದ್ದು ತಂದೆಗೆ ಹೊಸ ಮಾತು.

ಮರುವಾರ ಪ್ರವಾಸದ ವ್ಯವಸ್ಥೆ ಹಿಡಿದಿದ್ದ ಮ್ಯಾನೇಜರ್ ಫೋನ್ ಮಾಡಿದ. ಗಾಜಿನ ಬಾಟಲಿ ಅಪಾಯ, ರಸ ಮಾಡಿ ಕೊಟ್ಟರೆ ಸಾಕು, ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 'ಸವಣೂರ ಸೋಡಾ' ಎಂದು ಚೀಟಿ ಹಚ್ಚುತ್ತೇವೆ ಎಂದ. ಒಳ್ಳೆಯ ದರವನ್ನೂ ಹೇಳಿದ.

"ಗೋಲಿ ಇಲ್ದ ಸೋಡಾಕ್ಕ ನಮ್ಮಪ್ಪನ ಊರಿನ ಹೆಸರು ಹಚ್ಚಬ್ಯಾಡ್ರಿ," ಎಂದರು ದಿಲಾವರಸಾಬರು. "ನಮ್ಮಲ್ಲಿ ಗೋಲಿ ಒತ್ತಿ ಬಾಟ್ಲಿ ತೆಗೆಯೋದು ಮಾರಾವ, ಕುಡಿಯಾವ ಅಲ್ಲ. ಐವತ್ತು ವರ್ಷದಾಗ ಒಬ್ಬರ ಬೆರಳೂ ಕೊಯ್ದಿಲ್ಲ. ಬೇಕಾದ್ರ ನೀರು, ರಸ ಎಲ್ಲಾ ಪರೀಕ್ಷೆ ಮಾಡಸ್ತೇನಿ."

ಮಾಡಿಸಿಯೂ ಮಾಡಿಸಿದರು. ಶುದ್ಧವಿದೆ ಎಂಬ ವರದಿ ಬಂದ ಮೇಲೆ ಮ್ಯಾನೇಜರನಿಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. ಆದರೆ ಸಿಟ್ಟು ಉಳಿಯಿತು. ಸ್ಟೇಶನ್ನಿನ ಬಾಗಿಲ ಬಳಿಯ ನೆರಳಿನ ಜಾಗವೆಲ್ಲ ತಂಪು ಪಾನೀಯದ ಕಂಪನಿಯೊಂದಕ್ಕೆ ಹೋಯಿತು. ದಿಲಾವರಸಾಬರಿಗೆ ಸಿಕ್ಕದ್ದು ಪ್ಲಾಟ್‌ಫಾರ್ಮಿನ ಕಟ್ಟಕಡೆಯ ತುದಿ, ಬಿಸಿಲಿನಲ್ಲಿ, ನೀರಿನ ಟ್ಯಾಂಕರಿನ ಪಕ್ಕ.

ತಹಮೀನಾಳಿಗೆ ಮೈಯೆಲ್ಲ ಉರಿಯಿತು. "ಬೇಕಂತನ ಮೂಲ್ಯಾಗ ಒಗದಾರ, ಅಬ್ಬಾ. ಸುಶೀಂದ್ರ ಕಾಕಾಗ ಹೇಳ್ತೇನಿ ತಡೀರಿ."

"ಹೇಳಬ್ಯಾಡ," ಎಂದು ತಂದೆ ನಕ್ಕರು. "ನೀರಿನ ಟ್ಯಾಂಕರ್ ಅಲ್ಲಿ ಐತಿ ಅಂದ್ರ ಇಂಜಿನ್ ಎಲ್ಲಿ ನಿಲ್ಲತೈತಿ? ನಿಮ್ಮಜ್ಜ ಯಾವಾಗ್ಲೂ ಅದ ತುದಿಗೆ ನಿಲ್ಲತಿದ್ದ."

ಆ ದಿನ ಗಾಡಿ ಒಂದು ತಾಸು ತಡ. ಅಪ್ಪ ಮಗಳು ಮಷೀನನ್ನೂ ತಂದು ಪಕ್ಕಕ್ಕಿಟ್ಟು, ತಲೆಗೆ ಒದ್ದೆ ಟವಲು ಹಾಕಿಕೊಂಡು, ಪೆಟ್ಟಿಗೆಗಳ ಮೇಲೆ ನೀರು ಚಿಮುಕಿಸುತ್ತ ಕೂತರು. ಹನ್ನೊಂದೂವರೆಗೆ ಹಳಿ ಗುಂಯ್‌ಗುಟ್ಟಿತು. ಹೊಗೆ ಕಂಡಿತು, ಸಿಳ್ಳು ಕೇಳಿತು. ಕರ್ರಗೆ ಮಿರಮಿರ ಮಿಂಚುವ ಇಂಜಿನ್ ಉಸ್ಸೆನ್ನುತ್ತ ಬಂದು ಅವರೆದುರಿಗೇ ನಿಂತಿತು. ದಿಲಾವರಸಾಬರ ಬಾಲ್ಯದಲ್ಲಿ ಹಳಿ ಕಿರಿದು, ಇಂಜಿನ್ನೂ ಸಣ್ಣದು. ಇದು ಅದಕ್ಕಿಂತ ಎರಡು ಪಟ್ಟು ಎತ್ತರ. ಆದರೆ ಬಿಸಿ ಎಣ್ಣೆ, ಕಲ್ಲಿದ್ದಲು ಕೂಡಿದ ಆ ವಾಸನೆ ಮೂಗಿಗೆ ಬಡಿದಾಗ ದಿಲಾವರಸಾಬರು ಕೂಗುವುದನ್ನೂ ಮರೆತು ಇಂಜಿನ್ನನ್ನೇ ನೋಡುತ್ತ ನಿಂತರು.

ಕೂಗುವ ಅಗತ್ಯವೂ ಬೀಳಲಿಲ್ಲ. ಬೋಗಿಗಳಿಂದ ಇಳಿದ ಮಂದಿ, ಹತ್ತಿಮತ್ತೂರು, ಹಿರೇಬೆಂಡಿಗೇರಿಯಿಂದ ಗಾಡಿ ನೋಡಲು ಬಂದವರು, ಎಲ್ಲರೂ ಇಂಜಿನ್ ಕಡೆಗೇ ಓಡಿ ಬಂದರು. ದಿಲಾವರಸಾಬರು ಹೆಬ್ಬೆರಳೊತ್ತಿ ಮೊದಲ ಗೋಲಿ ಇಳಿಸಿದರು. ಠಪ್ಪೆಂಬ ಸದ್ದಿಗೆ ಮುದುಕರೊಬ್ಬರು "ಹೋ!" ಎಂದು ಚಪ್ಪಾಳೆ ತಟ್ಟಿಯೇಬಿಟ್ಟರು. ಆಮೇಲೆ ಕೈಗಳೇ ಕೈಗಳು. ತುಂಬಿ ತಂದದ್ದು ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ತಹಮೀನಾ ದುಪಟ್ಟಾ ಸೊಂಟಕ್ಕೆ ಸುತ್ತಿ, ಖಾಲಿ ಬಾಟಲಿ ತೊಳೆದು, ಮಷೀನಿಗೆ ಸಿಕ್ಕಿಸಿ ತಿರುವತೊಡಗಿದಳು. ಇಂಜಿನ್ ನೋಡಲು ಬಂದವರಲ್ಲಿ ಅರ್ಧ ಮಂದಿ ಅವಳನ್ನು ನೋಡುತ್ತ ನಿಂತರು. ಬಾಗಿಲ ಬಳಿಯ ಕಂಪನಿಯ ಹುಡುಗರೂ ತಮ್ಮ ಫ್ರಿಜ್ ಬಿಟ್ಟು ಬಂದು ಸಾಲಿನಲ್ಲಿ ನಿಂತಿದ್ದರು.

ಸುಶೀಂದ್ರ ಬೆವರು ಒರೆಸಿಕೊಳ್ಳುತ್ತ ಬಂದು, ತಮ್ಮ ತಾಯಿ ಬೋಗಿಯಲ್ಲೇ ಇದ್ದಾರೆ, ಇಳಿಯಲಾಗುವುದಿಲ್ಲ ಎಂದರು. ದಿಲಾವರಸಾಬರು ತಾವೇ ಒಂದು ಬಾಟಲಿ ಒಯ್ದರು. ಕಿಟಕಿಯಲ್ಲಿ ಎಂಬತ್ತಾರರ ಇಂದಿರಾಬಾಯಿ ಕೂತಿದ್ದರು.

"ಉಸ್ಮಾನಸಾಬರ ಮಗಾ ಹೌದಲ್ಲೋ?"

"ಹೌದ್ರಿ, ಬಾಯಾರ."

"ಮದುವಿ ಆದ ಹೊಸದಾಗಿ ಇದ ಸ್ಟೇಶನ್ನಿನೊಳಗ ನಾ ತಲಿ ತಿರುಗಿ ಬಿದ್ದಿದ್ದೆ ನೋಡು. ಹೊರಗಿಂದು ಒಂದು ಹನಿ ನೀರು ಮುಟ್ಟಾಕಿ ಅಲ್ಲ ನಾ. ನಿಮ್ಮಪ್ಪ ನಮ್ಮ ಯಜಮಾನರ ಕೈಯಾಗ ಸೋಡಾ ಕೊಟ್ಟು, 'ಮಷೀನ್ ಮುಚ್ಚಿದ ಬಾಟ್ಲಿ, ಒಳಗಿಂದು ಯಾರೂ ಮುಟ್ಟಿಲ್ರಿ, ಕುಡಸ್ರಿ' ಅಂದ. ರೊಕ್ಕಾ ಇಸ್ಕೊಳ್ಲಿಲ್ಲ ಪುಣ್ಯಾತ್ಮ."

ತಂದೆ ಈ ಮಾತನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ದಿಲಾವರಸಾಬರು ಬಾಟಲಿ ತೆರೆದು ಕೊಟ್ಟರು. ಅಜ್ಜಿ, ಗೋಲಿ ಬಾಯಿಗೆ ಅಡ್ಡ ಬರದಂತೆ ಬಾಟಲಿಯ ಕೊರಳಿನ ತಗ್ಗು ಕೆಳಗೆ ಮಾಡಿ ಹಿಡಿದು, ನಿಧಾನವಾಗಿ ಎರಡು ಗುಟುಕು ಕುಡಿದರು. ಪಕ್ಕದಲ್ಲಿದ್ದ ಮೊಮ್ಮಗಳು ವೃಂದಾಳ ಕೈಗೆ ಕೊಟ್ಟು, "ಹೀಂಗ ಹಿಡೀಬೇಕು, ಕಲಿ," ಎಂದರು. ಆಮೇಲೆ ದಿಲಾವರಸಾಬರ ಕಡೆ ತಿರುಗಿ ಹೇಳಿದರು: "ಅದ ರುಚಿ ಅದನೋ. ನಿಮ್ಮಪ್ಪಂದು ಕೈ ಬಂದದ ನಿನಗ."

ಮರಳಿ ಹೋಗುವಾಗ ದಿಲಾವರಸಾಬರ ಬೆನ್ನು ನೆಟ್ಟಗಾಗಿತ್ತು. ಮಗಳ ಪಕ್ಕಕ್ಕೆ ನಿಂತು, ಪ್ಲಾಟ್‌ಫಾರ್ಮೆಲ್ಲ ಮೊಳಗುವಂತೆ, "ಸೋಡಾ, ಶುಂಠಿ ಸೋಡಾ!" ಎಂದು ಕೂಗಿದರು.

ಈಗ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಆ ಗಾಡಿ ಓಡುತ್ತದೆ. ಅದರ ಟಿಕೀಟಿನಲ್ಲಿ ಯಲವಿಗಿಯ ಹೆಸರಿನ ಕೆಳಗೆ ಸೋಡಾದ ಹೆಸರೂ ಅಚ್ಚಾಗಿದೆ. ಉಳಿದ ದಿನ ಲಗ್ನದ ಮನೆಗಳಿಂದ ಬೇಡಿಕೆ. ಹಿತ್ತಲಿನಲ್ಲಿ ಎರಡನೆಯ ಮಷೀನು ಬಂದಿದೆ. ತಹಮೀನಾ ಶಾಲೆಯ ಕೆಲಸ ಬಿಟ್ಟಿಲ್ಲ, ರವಿವಾರ ಮಾತ್ರ ಮಷೀನು ಅವಳದು. ಅವಳು ತುಂಬಿದ ಮೊದಲ ಬಾಟಲಿಯನ್ನು ದಿಲಾವರಸಾಬರು ಪ್ರತಿ ವಾರ ತಾವೇ ಒಂದು ಗುಟುಕು ಕುಡಿದು ನೋಡುತ್ತಾರೆ. ಹೋದ ರವಿವಾರ ಪೂರ್ತಿ ಖಾಲಿ ಮಾಡಿ, ಇನ್ನೊಂದಕ್ಕೆ ಕೈ ಚಾಚಿದರು.