ಮುಂಡಿ ಅಂದ್ರ ತಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಒಂಬತ್ತು ತುಂಬಿದ ವರ್ಷ, ಆಷಾಢದ ಎರಡು ರವಿವಾರ ನಮ್ಮ ಒಲೆಯ ಮೇಲೆ ಖಂಡ ಏರಲಿಲ್ಲ. ಅದು ಯಾವ ವ್ರತವೂ ಅಲ್ಲ, ನನ್ನ ಹುಚ್ಚಾಟ.

ಆ ದಿನಗಳಲ್ಲಿ ಪುಣೆಯ ಧನಕವಡಿಯ ನಮ್ಮ ಗಲ್ಲಿಯಲ್ಲಿ ಆಷಾಢ ಬಂದದ್ದು ಮೂಗಿಗೆ ಗೊತ್ತಾಗುತ್ತಿತ್ತು. ಶ್ರಾವಣ ಕೂತರೆ ಒಂದು ತಿಂಗಳು ಖಂಡ ತಿನ್ನುವ ಬಾಯಿಗೆ ಬೀಗ. ಅದಕ್ಕೇ ಮುಂಚಿನ ಪ್ರತಿ ರವಿವಾರ ಮನೆಮನೆಯಿಂದ ಹುರಿದ ಒಣಕೊಬ್ಬರಿಯ ವಾಸನೆ. ನಮ್ಮ ಮಾಳಿಗೆಯಿಂದ ಮಾತ್ರ ಕೂದಲು ಸುಟ್ಟ ವಾಸನೆ. ಆಯಿ ಅಲ್ಲಿ ಮೂರು ಇಟ್ಟಿಗೆ ಹೂಡಿ ಆಡಿನ ತಲೆ ಸುಡುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಕಡೆ ಆಯಿ ಅಜ್ಜಿ, ಪುಣೆಯಲ್ಲಿ ತಾಯಿ. ಈ ಗೊಂದಲದಲ್ಲಿ ಶಾಲೆಯಲ್ಲಿ ನಾನು ಇಬ್ಬರು ತಾಯಂದಿರ ಮಗನಾಗಿದ್ದೆ.

ಅವಳ ಗಂಡ, ನಮ್ಮ ಮುತ್ಯಾ, ತೀರಿಕೊಂಡ ಮೇಲೆ ಅಪ್ಪ ಅವಳನ್ನು ಯಾದಗಿರಿ ಕಡೆಯ ಊರಿನಿಂದ ಕರೆತಂದಿದ್ದ. ಎಂಟು ತಿಂಗಳಾಗಿತ್ತು. ಮರಾಠಿ ಒಂದಕ್ಷರ ಬಾರದು. ಬಾಗಿಲು ದಾಟಿ ಹೆಚ್ಚು ಹೋದವಳೂ ಅಲ್ಲ. ಆದರೆ ಅಪ್ಪ ತಲೆ ತಂದ ದಿನ ಮಾತ್ರ ಮನೆ ಅವಳದೇ. ಕರ್ರಗೆ ಸುಟ್ಟ ತಲೆಯನ್ನು ಚಾಕುವಿನಿಂದ ಹೆರೆದು, ಅರಿಶಿಣ ಬಳಿದು, ಒಡೆಸಿ, ಮಸಾಲಿ ಖಾರ ಹಾಕಿ ಕುದಿಸಿದಳೆಂದರೆ ಆ ಸಾರಿಗೆ ಮುರಿದು ಹಾಕಿದ ಜೋಳದ ರೊಟ್ಟಿಯೂ ಸೊಕ್ಕುತ್ತಿತ್ತು. ಮಿದುಳು ಯಾವಾಗಲೂ ನನ್ನ ತಾಟಿಗೆ, ಗಣಿತ ಬರಲಿ ಅಂತ. ಎಷ್ಟೋ ಆಡುಗಳ ಮಿದುಳು ತಿಂದೆ. ಗಣಿತ ಆಡುಗಳಿಗೇ ಬರುತ್ತಿರಲಿಲ್ಲವೇನೋ.

ಆಷಾಢದ ಎರಡನೇ ರವಿವಾರ ಅಪ್ಪನಿಗೆ ಸ್ಲ್ಯಾಬ್ ಹಾಕುವ ಕೆಲಸ ಬಂತು. ಆಯಿ ನನ್ನನ್ನು ಜೊತೆ ಮಾಡಿಕೊಂಡು ತಾನೇ ಖಂಡದ ಅಂಗಡಿಗೆ ಹೊರಟಳು. ಅಂಗಡಿಯ ಬಬನಕಾಕಾನ ಗಂಟಲು ಮರಳು ತುಂಬಿದಂತೆ ಗರಗರ. ನಾನಾಗ ಮಾಸ್ತರರಿಂದ ಹಿಡಿದು ರಿಕ್ಷಾದವರ ತನಕ ಎಲ್ಲರ ದನಿ ತೆಗೆಯುತ್ತಿದ್ದೆ. ಕಾಕಾನದು ನನ್ನ ಕೈಗೆ ಸಿಕ್ಕ ಹೊಸ ದನಿ.

ನಮ್ಮ ಪಾಳಿ ಬಂದಾಗ ಕಾಕಾ ಮರ್ಯಾದೆಯಿಂದಲೇ ಕೇಳಿದ, "ಆಜಿ, ಮುಂಡಿ ಪಾಹಿಜೆ ಕಾ?"

ಅಜ್ಜಿ, ತಲೆ ಬೇಕೇನು, ಅಷ್ಟೇ. ಮರಾಠಿಯಲ್ಲಿ ಮುಂಡಿ ಅಂದರೆ ತಲೆ. ನಮ್ಮ ಕಡೆ ಗಂಡ ಸತ್ತವಳನ್ನು ಬೈಯುವ ಮಾತು.

ಆಯಿಯ ಕೈ ಸೆರಗಿಗೆ ಹೋಯಿತು. "ಏನಂದ ಅಂವ?" ಅಂತ ನನ್ನನ್ನೇ ಕೇಳಿದಳು.

ತಲಿ ಅಂದಾನ ಅಂತ ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಹಿಂದೆ ಅಷ್ಟುದ್ದ ಪಾಳಿ, ಅಷ್ಟೊಂದು ಕಿವಿ. ನಾನು ಹೊಟ್ಟೆ ಮುಂದೆ ಮಾಡಿ, ಕಾಕಾನ ಗಂಟಲಲ್ಲಿ ಗರಗರ ಎಳೆದೆ, "ಮುಂಡೀ... ಆಜಿ, ಮುಂಡೀ..." ಪಾಳಿಗೆ ಪಾಳಿಯೇ ನಕ್ಕಿತು. ಕಾಕಾನೂ ನಕ್ಕ. ನಾನು ಇನ್ನೊಮ್ಮೆ ಎಳೆದೆ. ತಿರುಗಿ ನೋಡಿದರೆ ಆಯಿ ಖಾಲಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದಳು.

ಓಡಿ ಹಿಡಿದೆ. ಅರ್ಧ ದಾರಿಯಲ್ಲಿ ಮೆಲ್ಲಗೆ ಕೇಳಿದಳು, "ನಿಮ್ಮ ಮುತ್ಯಾ ಹೋಗಿದ್ದು ಇವಗ ಯಾರು ಹೇಳ್ಯಾರ?"

ಆಗ ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ನಿಜ ಹೇಳಿದರೆ ನನ್ನ ಬೆನ್ನು ಉಳಿಯುವುದಿಲ್ಲ ಅನ್ನುವುದೂ ತಿಳಿದಿತ್ತಲ್ಲ.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಮಗ ಜಗಳಕ್ಕೆ ಹೋದಾನು ಅನ್ನುವ ಅಂಜಿಕೆ. "ಈ ಊರಿನ ಖಂಡ ನನಗ ಒಗ್ಗೂದಿಲ್ಲ" ಅಂದಳು. ಮುಂದಿನ ರವಿವಾರವೂ ಬೇಳೆ ಸಾರು. ಮರುವಾರ ಸೀರೆಗಳನ್ನು ಗಂಟು ಕಟ್ಟತೊಡಗಿದಳು.

"ಯಾಕಬೇ ಯವ್ವಾ, ಏನಾತು?" ಅಪ್ಪ ಕೇಳಿದ.

"ಏನಿಲ್ಲಪಾ. ಶ್ರಾವಣ ಕೂಡೂದ್ರಾಗ ಊರ ಬಸ್ ಹತ್ತಸು. ಅಲ್ಲಿ ಬೈದ್ರೂ ನಮ್ಮವ್ರೇ ಬೈತಾರ."

ಆ ಗಂಟು ನೋಡಿದ ಮೇಲೆ ತಡೆಯಲಾಗಲಿಲ್ಲ. ಅಪ್ಪ ಹೊರಗೆ ಹೋದ ಮೇಲೆ ಆಯಿಗೆ ಎಲ್ಲ ನಿಜ ಹೇಳಿದೆ. ಆಯಿ ನಂಬಲಿಲ್ಲ. "ತಲಿಗೆ ತಲಿ ಅನ್ನಲಾರದ ಮುಂಡಿ ಅಂತಾರಂತ. ನಿನ್ನ ನಕಲಿ ಸಾಕು, ಹೋಗು."

ನಕಲಿ ಮಾಡುವವನ ಪಾಡು ಇದು. ನಿಜ ಹೇಳಿದರೂ ಅದು ಯಾರದೋ ದನಿಯಂತೆ ಕೇಳುತ್ತದೆ.

ಕೊನೆಗೆ ಒಬ್ಬನೇ ಬಬನಕಾಕಾನ ಹತ್ತಿರ ಹೋಗಿ ಹೇಳಿದೆ. ಅವನು ಕತ್ತಿ ಕೆಳಗಿಟ್ಟ. ಬೈಯಲಿಲ್ಲ. ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತಾರೆ ಅಂತಷ್ಟೇ ಕೇಳಿದ. "ತಲಿ" ಅಂದೆ. ಗರಗರ ಗಂಟಲಲ್ಲಿ ಆ ಎರಡಕ್ಷರವನ್ನು ಹತ್ತು ಸಲ ಉರು ಹೊಡೆದ.

ಆಷಾಢದ ಕಡೆಯ ರವಿವಾರ ಹಟ ಮಾಡಿ, ಅತ್ತು, ಸೆರಗು ಜಗ್ಗಿ ಆಯಿಯನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ನಡೆದದ್ದನ್ನು ಕೊನೆಗೆ ಹೇಳುತ್ತೇನೆ. ಅಂತೂ ಅವಳು ಊರಿಗೆ ಹೋಗಲಿಲ್ಲ. ಗಂಟು ಬಿಚ್ಚಿದಳು, ಮಧ್ಯಾಹ್ನ ಇಟ್ಟಿಗೆ ಹೂಡಿದಳು. ಅವತ್ತಿನ ಸಾರಿನ ಬಿಸಿ ಇನ್ನೂ ನನ್ನ ಅಂಗೈಯಲ್ಲಿದೆ. ಆಮೇಲೆ ಹತ್ತು ಆಷಾಢ ನಮ್ಮ ಜೊತೆಯೇ ಇದ್ದಳು.

ಈಗ ಆಯಿ ಇಲ್ಲ. ನಾನು ಚಾಕಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮೊಬೈಲ್ ಒತ್ತಿದರೆ ಖಂಡ ಡಬ್ಬಿಯಲ್ಲಿ ಬರುತ್ತದೆ. ತೊಳೆದು ಒರೆಸಿ, ತಾನು ಯಾವ ಪ್ರಾಣಿ ಅನ್ನುವುದು ಅದಕ್ಕೇ ಮರೆತುಹೋದ ಹಾಗೆ ಇರುತ್ತದೆ. ಹೋದ ವರ್ಷ ಹಟಕ್ಕೆ ಬಿದ್ದು ಒಂದು ತಲೆ ಹುಡುಕಿ ತಂದು ಗ್ಯಾಸಿನ ಮೇಲೆ ಸುಟ್ಟೆ. ವೈರ್ ಸುಡುತ್ತಿದೆ ಅಂತ ವಾಚ್‌ಮನ್ ಓಡಿ ಬಂದ. ಸಾರೇನೋ ಆಯಿತು, ರೊಟ್ಟಿ ಮಾತ್ರ ಸೊಕ್ಕಲಿಲ್ಲ. ಗೆಳೆಯರು ಕೂತರೆ ಈಗಲೂ ಎಲ್ಲರ ದನಿ ತೆಗೆಯುತ್ತೇನೆ, ನಮ್ಮ ಸೂಪರ್‌ವೈಸರನದೂ. ಆಯಿಯ ದನಿ ತೆಗೆಯಲು ಹೋದರೆ ತಂಗಿ ತಲೆಯಾಡಿಸುತ್ತಾಳೆ, "ಇದು ಆಯಿ ಅಲ್ಲೋ ಅಣ್ಣಾ, ಯಾರೋ ಮುದುಕಿ." ದನಿ ಹೋಗಿದೆ. ಮಾತುಗಳಷ್ಟೇ ಉಳಿದಿವೆ, ಅವತ್ತು ಅಂಗಡಿಯಲ್ಲಿ ಆಡಿದವೂ.

ಆ ಕಡೆಯ ರವಿವಾರ ಬಬನಕಾಕಾ ಕೈ ಒರೆಸಿಕೊಂಡು, ದೊಡ್ಡದೊಂದು ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಆಜಿ... ತಲಿ" ಅಂದ. ಆಯಿ ತಲೆಯನ್ನು ನೋಡಿದಳು, ಕಾಕಾನನ್ನು ನೋಡಿದಳು, ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲ ಬಿಚ್ಚಿ ಹಿಡಿದು ನನಗೆ ಅಂದಳು:

"ಅಂವಗ ಮರಾಠಿಯಾಗ ಹೇಳು. ತಲಿ ಒಯ್ತೀನಿ, ನಾಲಿಗಿ ಅವನೇ ಇಟ್ಕೊಳ್ಳಲಿ. ನಮ್ಮ ಮನ್ಯಾಗ ಇರೂದು ಒಂದೇ ಭಾಳ ಆಗ್ಯಾದ."